ಕ್ಯಾಮೆರಾ ಬಂತು, ವಾರಂಟಿ ಬರಲಿಲ್ಲ

ತಿಪಟೂರಿನಲ್ಲಿ ಸ್ಟುಡಿಯೊ ನಡೆಸುತ್ತಿರುವ ನನ್ನ ಅಕ್ಕನ ಮಗ ಎರಡು ವರ್ಷಗಳ ಹಿಂದೆ ದೂರವಾಣಿಯಲ್ಲಿ ಒಂದು ಸಲಹೆ ಕೇಳಿದ. ಮದುವೆ, ಗೃಹಪ್ರವೇಶ, ನಾಮಕರಣಗಳ ಚಿತ್ರ ತೆಗೆಯುವುದೇ ಅವನ ಜೀವನೋಪಾಯ. ಹಳೆಯ ಕ್ಯಾಮೆರಾ ಸವೆದುಹೋಗಿತ್ತು. ಅವನಿಗೆ ಬೇಕಿದ್ದ ಹೊಸ ಮಾದರಿಗೆ ಬೆಂಗಳೂರಿನ ಅಧಿಕೃತ ಮಾರಾಟಗಾರರು 2 ಲಕ್ಷ 10 ಸಾವಿರ ರೂಪಾಯಿ ಹೇಳಿದ್ದರು. ಹಾಂಗ್‌ಕಾಂಗಿನ ವ್ಯಾಪಾರಿಯೊಬ್ಬ ಅದೇ ಕ್ಯಾಮೆರಾವನ್ನು ಅಂತರ್ಜಾಲದ ಮೂಲಕ 1 ಲಕ್ಷ 55 ಸಾವಿರಕ್ಕೆ ಮನೆ ಬಾಗಿಲಿಗೇ ತಲುಪಿಸುವುದಾಗಿ ಹೇಳುತ್ತಿದ್ದ. 'ಮಾವ, ನೀವು ಇದನ್ನೆಲ್ಲ ಓದಿದವರು. ತರಿಸಬಹುದಾ?' ಎಂದು ಅವನು ಕೇಳಿದ.

ಓದಿದವನು ಎಂಬ ಮಾತು ನನ್ನನ್ನು ಉಬ್ಬಿಸಿರಬೇಕು. ಎಂ.ಎ. ತರಗತಿಯಲ್ಲಿ ಕಲಿತ ಬೆಲೆ ತಾರತಮ್ಯದ ಪಾಠವನ್ನು ಅವನಿಗೆ ಒಪ್ಪಿಸಿದೆ. ಕಂಪನಿಗಳು ಒಂದೇ ವಸ್ತುವಿಗೆ ಒಂದೊಂದು ದೇಶದಲ್ಲಿ ಒಂದೊಂದು ಬೆಲೆ ಇಡುತ್ತವೆ. ಅಗ್ಗವಿರುವ ಕಡೆ ಕೊಂಡು ದುಬಾರಿಯಾದ ಕಡೆ ಮಾರುವ ವ್ಯಾಪಾರಿ ಆ ಗೋಡೆಯನ್ನು ಒಡೆಯುತ್ತಾನೆ. ಆದ್ದರಿಂದ ಅವನು ಗ್ರಾಹಕನ ಮಿತ್ರ ಎಂದು ವಿವರಿಸಿ, 'ಧಾರಾಳವಾಗಿ ತರಿಸು' ಎಂದೆ. ಅವನು ಸಹಕಾರ ಸಂಘದಲ್ಲಿ ಸಾಲ ಮಾಡಿ ತರಿಸಿದ.

ಕ್ಯಾಮೆರಾ ಹನ್ನೆರಡು ದಿನಗಳಲ್ಲಿ ಬಂತು. ಅಸಲಿ ವಸ್ತುವೇ ಆಗಿತ್ತು. ಐದು ತಿಂಗಳು ಚೆನ್ನಾಗಿ ಕೆಲಸ ಮಾಡಿತು. ಮಾಘ ಮಾಸದ ಮದುವೆಗಳ ನಡುವೆ ಒಂದು ದಿನ ಅದರ ಶಟರ್ ನಿಂತುಹೋಯಿತು. ಅದನ್ನು ಹಿಡಿದುಕೊಂಡು ಅವನು ಬೆಂಗಳೂರಿನ ಅಧಿಕೃತ ಸೇವಾ ಕೇಂದ್ರಕ್ಕೆ ಬಂದ. ನಾನೂ ಜೊತೆಗೆ ಹೋದೆ. ಕೌಂಟರಿನಲ್ಲಿದ್ದ ಯುವಕ ಕ್ರಮಸಂಖ್ಯೆಯನ್ನು ಕಂಪ್ಯೂಟರಿಗೆ ಊಡಿಸಿ, ಇದು ಭಾರತಕ್ಕೆಂದು ಕಳುಹಿಸಿದ ಕ್ಯಾಮೆರಾ ಅಲ್ಲ, ವಾರಂಟಿ ಅನ್ವಯಿಸುವುದಿಲ್ಲ ಎಂದ. ಹಣ ಕೊಡುತ್ತೇವೆ, ರಿಪೇರಿ ಮಾಡಿಕೊಡಿ ಎಂದೆವು. ಅದಕ್ಕೂ ಅವಕಾಶವಿಲ್ಲ ಎಂದು ಸೌಜನ್ಯದಿಂದಲೇ ಹೇಳಿದ. ಹಾಂಗ್‌ಕಾಂಗಿನ ವ್ಯಾಪಾರಿಗೆ ಬರೆದರೆ, ನಿಮ್ಮ ಖರ್ಚಿನಲ್ಲಿ ಕಳುಹಿಸಿ, ಪರೀಕ್ಷಿಸಿ ತಯಾರಿಕೆಯ ದೋಷವೆಂದು ಕಂಡುಬಂದರೆ ಎಂಟು ವಾರಗಳಲ್ಲಿ ಸರಿಪಡಿಸುತ್ತೇವೆ ಎಂಬ ಉತ್ತರ ಬಂತು.

ಮದುವೆಯ ಮುಹೂರ್ತ ಎಂಟು ವಾರ ಕಾಯುವುದಿಲ್ಲ. ಅವನು ಒಪ್ಪಿಕೊಂಡಿದ್ದ ಹನ್ನೆರಡು ದಿನಗಳ ಕೆಲಸಕ್ಕೆ ದಿನಕ್ಕೆ 3,000 ರೂಪಾಯಿಯಂತೆ ಕ್ಯಾಮೆರಾ ಬಾಡಿಗೆಗೆ ತಂದ. ಕೊನೆಗೆ ಬೆಂಗಳೂರಿನ ಒಬ್ಬ ಸ್ವತಂತ್ರ ರಿಪೇರಿಗಾರ ಕೆಟ್ಟುಹೋದ ಇನ್ನೊಂದು ಕ್ಯಾಮೆರಾದಿಂದ ಬಿಡಿಭಾಗ ತೆಗೆದು ಜೋಡಿಸಿ 31,000 ರೂಪಾಯಿ ಪಡೆದ. ಬಾಡಿಗೆ 36,000, ರಿಪೇರಿ 31,000, ಒಟ್ಟು 67,000. ಉಳಿತಾಯವಾಗಿದ್ದುದು 55,000. ಈ ಲೆಕ್ಕವನ್ನು ನನ್ನ ಅಕ್ಕ ಒಂದು ಮಾತೂ ಆಡದೆ ಕೇಳಿಸಿಕೊಂಡಳು. ಅವಳು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಇದು ಒಂದು ಮನೆಯ ಕಥೆಯಷ್ಟೇ ಆಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ಸ್ಟುಡಿಯೊ ಇಟ್ಟವರು, ವನ್ಯಜೀವಿ ಛಾಯಾಗ್ರಹಣದ ಹವ್ಯಾಸಿಗಳು, ಪತ್ರಿಕೋದ್ಯಮದ ವಿದ್ಯಾರ್ಥಿಗಳು, ಯಾರನ್ನು ಕೇಳಿದರೂ ಇಂಥದೇ ಒಂದು ಅನುಭವ ಹೇಳುತ್ತಾರೆ. ಎಲ್ಲರ ಕಥೆಯೂ ಕೊನೆಗೆ 'ಅಗ್ಗದ ಆಸೆಗೆ ಬಿದ್ದದ್ದು ತಪ್ಪಾಯಿತು' ಎಂಬ ಮಾತಿನಲ್ಲಿ ಮುಗಿಯುತ್ತದೆ. ತಪ್ಪು ಕೊಂಡವನದು ಮಾತ್ರವೇ ಎಂಬುದು ನನ್ನ ಪ್ರಶ್ನೆ.

ಕಾಳಸಂತೆ ನಮ್ಮ ತಲೆಮಾರಿಗೆ ಚೆನ್ನಾಗಿ ಗೊತ್ತಿತ್ತು. ಆಮದಿಗೆ ಪರವಾನಗಿ ಬೇಕಿದ್ದ ಕಾಲದಲ್ಲಿ ವಿದೇಶಿ ಕ್ಯಾಮೆರಾ, ಗಡಿಯಾರ, ಟೇಪ್‌ರೆಕಾರ್ಡರ್ ಬೇಕೆಂದವರು ಮದ್ರಾಸಿನ ಬರ್ಮಾ ಬಜಾರಿಗೋ ಮುಂಬೈಯ ಹೀರಾ ಪನ್ನಾ ಮಳಿಗೆಗಳಿಗೋ ಹೋಗುತ್ತಿದ್ದರು. ಅಲ್ಲಿ ಬಿಲ್ಲೂ ಇರಲಿಲ್ಲ, ವಾರಂಟಿಯೂ ಇರಲಿಲ್ಲ. ಇರುತ್ತದೆಂದು ಯಾರೂ ನಿರೀಕ್ಷಿಸುತ್ತಲೂ ಇರಲಿಲ್ಲ. 2001ರ ಏಪ್ರಿಲ್ 1ರಿಂದ ಕೊನೆಯ 715 ವಸ್ತುಗಳ ಮೇಲಿನ ಆಮದು ಪ್ರಮಾಣದ ನಿರ್ಬಂಧವೂ ಹೋದ ಮೇಲೆ ಗ್ರಾಹಕ ವಸ್ತುಗಳಿಗೆ ಬಾಗಿಲು ತೆರೆಯಿತು. ಕಾಳಸಂತೆ ಹಿಂದೆ ಸರಿದು, ಕಪ್ಪೂ ಅಲ್ಲದ ಬಿಳಿಯೂ ಅಲ್ಲದ ಬೂದುಬಣ್ಣದ ಸಂತೆಯೊಂದು ಉಳಿಯಿತು. ಅದನ್ನೇ ಗ್ರೇ ಮಾರ್ಕೆಟ್ ಎನ್ನುತ್ತಾರೆ. ಅಲ್ಲಿ ಸಿಗುವುದು ನಕಲಿ ವಸ್ತುವಲ್ಲ. ಅದೇ ಕಾರ್ಖಾನೆಯಲ್ಲಿ ತಯಾರಾದ ಅಸಲಿ ವಸ್ತು, ಕಂಪನಿ ನಿಗದಿಪಡಿಸಿದ ದಾರಿಯನ್ನು ಬಿಟ್ಟು ಬೇರೊಂದು ದಾರಿಯಲ್ಲಿ ಬಂದಿರುತ್ತದೆ. ವಸ್ತು ಒಂದೇ ಆದದ್ದರಿಂದಲೇ ಗ್ರಾಹಕ ಮೋಸಹೋಗುತ್ತಾನೆ.

ಬೆಲೆಯ ವ್ಯತ್ಯಾಸ ಎಲ್ಲಿಂದ ಬಂತೆಂಬುದನ್ನು ನಾನು ಮೊದಲೇ ಬಿಡಿಸಿ ನೋಡಬೇಕಿತ್ತು. ಹಾಂಗ್‌ಕಾಂಗ್ ಮುಕ್ತ ಬಂದರು. ಅಲ್ಲಿ ಮಾರಾಟ ತೆರಿಗೆಯೂ ಇಲ್ಲ, ಸಾಮಾನ್ಯ ಆಮದು ಸುಂಕವೂ ಇಲ್ಲ. ನಮ್ಮಲ್ಲಿ ಡಿಜಿಟಲ್ ಕ್ಯಾಮೆರಾದ ಮೇಲಿನ ಜಿಎಸ್‌ಟಿ ಮೊದಲು ಶೇ 28 ಇದ್ದದ್ದು 2019ರ ಜನವರಿ 1ರಿಂದ ಶೇ 18ಕ್ಕೆ ಇಳಿಯಿತು. ಕಸ್ಟಮ್ಸ್ ಸುಂಕವನ್ನು ಬದಿಗಿಟ್ಟು ಈ ಶೇ 18ನ್ನಷ್ಟೇ ಹಿಡಿದರೂ 1 ಲಕ್ಷ 55 ಸಾವಿರದ ವಸ್ತುವಿನ ಮೇಲೆ 27,900 ರೂಪಾಯಿ ತೆರಿಗೆ ಬೀಳಬೇಕಿತ್ತು. ಅಂದರೆ ನಮ್ಮ 55 ಸಾವಿರದ 'ಉಳಿತಾಯ'ದಲ್ಲಿ ಅರ್ಧದಷ್ಟು ಸರ್ಕಾರಕ್ಕೆ ಸೇರಬೇಕಾದ ಹಣ. ಅದು ಹೇಗೆ ತಪ್ಪಿತೆಂಬುದು ಪೊಟ್ಟಣದ ಮೇಲಿದ್ದ ಚೀಟಿಯನ್ನು ತಡವಾಗಿ ಓದಿದಾಗ ನನಗೆ ತಿಳಿಯಿತು. ಅದರ ಮೇಲೆ 'ಉಡುಗೊರೆ' ಎಂದು ಬರೆದಿತ್ತು. ಬೆಲೆಯ ಜಾಗದಲ್ಲಿ ಒಂದು ಚಿಕ್ಕ ಮೊತ್ತವಿತ್ತು.

ಉಡುಗೊರೆಯ ಹೆಸರಿನಲ್ಲಿ ಅಂಚೆ ಮತ್ತು ಕೊರಿಯರ್ ಮೂಲಕ ವಸ್ತುಗಳನ್ನು ತರಿಸುವುದನ್ನು ಕೇಂದ್ರ ಸರ್ಕಾರ 2019ರ ಡಿಸೆಂಬರ್‌ನಲ್ಲಿಯೇ ನಿಷೇಧಿಸಿತು. ಜೀವರಕ್ಷಕ ಔಷಧ ಮತ್ತು ರಾಖಿಗೆ ಮಾತ್ರ ವಿನಾಯಿತಿ ಕೊಟ್ಟಿತು. 1962ರ ಕಸ್ಟಮ್ಸ್ ಕಾಯ್ದೆಯ ಪ್ರಕಾರ ಸುಳ್ಳು ಘೋಷಣೆಯ ಸರಕನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. ಚೀಟಿಯ ಮೇಲೆ ಸುಳ್ಳು ಬರೆದವನು ಹಾಂಗ್‌ಕಾಂಗಿನಲ್ಲಿದ್ದಾನೆ. ಕಾಗದದ ಮೇಲೆ ಆಮದುದಾರನಾಗಿರುವವನು ತಿಪಟೂರಿನ ನನ್ನ ಸೋದರಳಿಯ. ಮೂವತ್ತನಾಲ್ಕು ವರ್ಷ ಸರ್ಕಾರದ ಸಂಬಳ ಉಂಡವನು ನಾನು. ತಿಳಿಯದೆಯೇ ಆದರೂ ತೆರಿಗೆ ತಪ್ಪಿಸುವುದಕ್ಕೆ ಸಲಹೆಗಾರನಾಗಿದ್ದೆ ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಇಂಥ ಮಾರಾಟಗಾರರು ಗ್ರಾಹಕನ ಬಾಯಿ ಕಟ್ಟುವುದೂ ಹೀಗೆಯೇ. ತನ್ನ ಕೈಯೇ ಶುದ್ಧವಿಲ್ಲವೆಂದು ಅರಿತವನು ದೂರು ಕೊಡಲು ಹಿಂಜರಿಯುತ್ತಾನೆ.

ಉಳಿದ 27 ಸಾವಿರದ ಕಥೆಯೇನು? ಅದರಲ್ಲಿ ಮಾರಾಟಗಾರರ ಲಾಭಾಂಶವಿದೆ, ಕಂಪನಿಯ ಬೆಲೆ ತಾರತಮ್ಯವೂ ಇದೆ. ನನ್ನ ಪಾಠ ಪೂರ್ತಿ ಸುಳ್ಳಾಗಿರಲಿಲ್ಲ. ಆದರೆ ಅದರಲ್ಲಿ ಇನ್ನೊಂದು ವಸ್ತುವೂ ಅಡಗಿತ್ತು. ಸೇವಾ ಕೇಂದ್ರದ ಬಾಡಿಗೆ, ತರಬೇತಿ ಪಡೆದ ತಂತ್ರಜ್ಞರ ಸಂಬಳ, ದಾಸ್ತಾನಿಟ್ಟ ಬಿಡಿಭಾಗಗಳು, ಕೆಟ್ಟರೆ ಸರಿಮಾಡಿಕೊಡುತ್ತೇವೆ ಎಂಬ ಮಾತಿನ ವೆಚ್ಚ, ಇವೆಲ್ಲ ಆ ಬೆಲೆಯಲ್ಲಿ ಸೇರಿರುತ್ತವೆ. ವಾರಂಟಿ ಎಂಬುದು ಡಬ್ಬಿಯ ಜೊತೆ ಪುಕ್ಕಟೆಯಾಗಿ ಬರುವ ಚೀಟಿಯಲ್ಲ. ನಾವು ಹಣ ಕೊಟ್ಟು ಕೊಳ್ಳುವ ಎರಡನೆಯ ವಸ್ತು. ಕೆಲವು ಲೆನ್ಸ್‌ಗಳಿಗೆ ಕಂಪನಿಗಳು ಎಲ್ಲ ದೇಶಗಳಲ್ಲಿಯೂ ಸಲ್ಲುವ ವಾರಂಟಿ ಕೊಡುವುದುಂಟು. ಕ್ಯಾಮೆರಾದ ವಾರಂಟಿ ಮಾತ್ರ ಸಾಮಾನ್ಯವಾಗಿ ಒಂದು ದೇಶದ ಗಡಿಗೆ ಸೀಮಿತ. ಗ್ರೇ ಮಾರ್ಕೆಟ್ಟಿನ ವ್ಯಾಪಾರಿ ಮೊದಲನೆಯ ವಸ್ತುವನ್ನಷ್ಟೇ ಮಾರಿ, ಎರಡೂ ಇವೆ ಎಂಬ ಭಾವನೆಯನ್ನು ಹಾಗೆಯೇ ಉಳಿಯಲು ಬಿಡುತ್ತಾನೆ.

ನೀರಿನಲ್ಲಿರುವ ಎಮ್ಮೆಗೆ ವ್ಯಾಪಾರ ಮಾಡಿದಂತೆ ಎಂಬ ಗಾದೆ ನಮ್ಮಲ್ಲಿದೆ. ಮಾರುವವನಿಗೆ ಎಮ್ಮೆಯ ಕಾಲು ಕುಂಟೆಂದು ಗೊತ್ತು. ಕೊಳ್ಳುವವನಿಗೆ ಕಾಣುವುದು ಕೊಂಬು ಮಾತ್ರ. ಇದೇ ವಿಷಯವನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯ ಉದಾಹರಣೆಯಿಂದ ವಿವರಿಸಿದರು. 2001ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರವೂ ಬಂತು. ಮಾಹಿತಿ ಒಂದೇ ಕಡೆ ಸೇರಿಕೊಂಡಾಗ ಕೆಟ್ಟ ಸರಕು ಒಳ್ಳೆಯ ಸರಕನ್ನು ಸಂತೆಯಿಂದ ಓಡಿಸುತ್ತದೆ ಎಂಬುದು ಅವರ ವಾದ. ಗ್ಯಾರಂಟಿಯಂಥ ವ್ಯವಸ್ಥೆಗಳು ಹುಟ್ಟಿಕೊಂಡದ್ದೇ ಈ ಅಪನಂಬಿಕೆಗೆ ಪರಿಹಾರವಾಗಿ ಎಂದೂ ಅವರು ತೋರಿಸಿದರು. ಆ ಗ್ಯಾರಂಟಿಯೇ ನೀರಿನೊಳಗಿನ ಎಮ್ಮೆಯಾದರೆ ಗ್ರಾಹಕ ಏನನ್ನು ನಂಬಬೇಕು?

ಹಾಗಾದರೆ ಇಂಥ ಆಮದನ್ನು ಪೂರ್ತಿ ನಿಷೇಧಿಸಬೇಕೆ? ಬೇಡ ಎಂಬುದೇ ಈಗಲೂ ನನ್ನ ಅಭಿಪ್ರಾಯ. ಸುಂಕ, ತೆರಿಗೆ ಕಟ್ಟಿ ಅಸಲಿ ವಸ್ತುವನ್ನು ತಂದು ಕಡಿಮೆ ಬೆಲೆಗೆ ಮಾರುವವನಿದ್ದರೆ ಕಂಪನಿಗಳ ಬೆಲೆಗೆ ಒಂದು ಕಡಿವಾಣವಿರುತ್ತದೆ. ಈ ವಿಷಯದಲ್ಲಿ ನಮ್ಮ ನ್ಯಾಯಾಲಯವೊಂದು ಆಗಲೇ ಒಂದು ಸರಿಯಾದ ದಾರಿ ತೋರಿಸಿದೆ. ಸ್ಯಾಮ್‌ಸಂಗ್ ಪ್ರಿಂಟರ್‌ಗಳನ್ನು ವಿದೇಶದಿಂದ ತಂದು ಮಾರುತ್ತಿದ್ದ ವ್ಯಾಪಾರಿಗಳ ವಿರುದ್ಧದ ಪ್ರಕರಣದಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2012ರ ಅಕ್ಟೋಬರ್‌ನಲ್ಲಿ ತೀರ್ಪು ನೀಡಿತು. ಅಸಲಿ ವಸ್ತುವನ್ನು ತಂದು ಮಾರುವುದು ಟ್ರೇಡ್‌ಮಾರ್ಕ್ ಉಲ್ಲಂಘನೆಯಲ್ಲ ಎಂದು ಹೇಳಿದ ಪೀಠ, ಒಂದು ಷರತ್ತನ್ನೂ ಹಾಕಿತು. ಈ ವಸ್ತುವನ್ನು ಕಂಪನಿ ಆಮದು ಮಾಡಿಲ್ಲ, ಕಂಪನಿಯ ವಾರಂಟಿ ಮತ್ತು ಸೇವೆ ಇದಕ್ಕಿಲ್ಲ, ಅವನ್ನು ನಾವೇ ಒದಗಿಸುತ್ತೇವೆ ಎಂಬ ಫಲಕವನ್ನು ಮಳಿಗೆಯಲ್ಲಿ ಎದ್ದುಕಾಣುವಂತೆ ಹಾಕಬೇಕು ಎಂದಿತು. ಪ್ರಕರಣ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಏರಿತು. ಕಾನೂನಿನ ಸೂಕ್ಷ್ಮ ಏನೇ ಇರಲಿ, ಆ ಷರತ್ತಿನಲ್ಲಿ ವಿವೇಕವಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ವ್ಯಾಪಾರ ಕಾನೂನು ಕೂಡ ಗ್ರೇ ಮಾರ್ಕೆಟ್ ಸರಕು ಮಾರುವ ಅಂಗಡಿಗಳು ಇಂಥ ಸೂಚನೆಯನ್ನು ಹಾಕಬೇಕೆಂದು ವಿಧಿಸುತ್ತದೆ.

ನಮ್ಮಲ್ಲಿ ನಿಯಮಗಳಿಗೆ ಬರವಿಲ್ಲ. 2011ರ ಪೊಟ್ಟಣ ಸರಕುಗಳ ನಿಯಮದಂತೆ ಆಮದಾದ ವಸ್ತುವಿನ ಮೇಲೆ ಆಮದುದಾರನ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ ಇರಬೇಕು. 2020ರ ಇ-ವಾಣಿಜ್ಯ ನಿಯಮಗಳು ವಾರಂಟಿಯ ವಿವರ, ಆಮದುದಾರನ ಹೆಸರನ್ನು ಮಾರಾಟದ ಪುಟದಲ್ಲಿಯೇ ತೋರಿಸಬೇಕೆನ್ನುತ್ತವೆ. ಭಾರತದ ಗ್ರಾಹಕರಿಗೆ ವ್ಯವಸ್ಥಿತವಾಗಿ ಮಾರುವ ವಿದೇಶಿ ಸಂಸ್ಥೆಗಳಿಗೂ ಅವು ಅನ್ವಯಿಸುತ್ತವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯಲು ವಸ್ತು ಕೊಂಡವನನ್ನೂ ಗ್ರಾಹಕನೆಂದೇ ಪರಿಗಣಿಸುತ್ತದೆ. ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ಅವನು ದೂರು ಸಲ್ಲಿಸಬಹುದು; 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲವೆಂದು 2020ರ ನಿಯಮಗಳು ಹೇಳಿದವು. ಕಾಗದದ ಮೇಲೆ ತಿಪಟೂರಿನ ಛಾಯಾಗ್ರಾಹಕನಿಗೆ ತುಮಕೂರಿನಲ್ಲಿ ಬಾಗಿಲು ತೆರೆದಿದೆ. ಆದರೆ ಎದುರುವಾದಿ ಹಾಂಗ್‌ಕಾಂಗಿನ ಒಂದು ಅಂಚೆ ಪೆಟ್ಟಿಗೆಯಾಗಿದ್ದರೆ ನೋಟಿಸ್ ಜಾರಿ ಮಾಡುವವರು ಯಾರು? ಆದೇಶ ಬಂದರೂ ವಸೂಲು ಮಾಡುವವರು ಯಾರು? ಇಲಾಖೆಯಲ್ಲಿದ್ದಾಗ ಇಂಥ ಅದೆಷ್ಟೋ ಕಡತಗಳು 'ವಿಳಾಸದಾರರು ಲಭ್ಯವಿಲ್ಲ' ಎಂಬ ಷರಾದೊಂದಿಗೆ ಮುಚ್ಚಿಹೋಗುವುದನ್ನು ನಾನು ಕಂಡಿದ್ದೇನೆ.

ಆದ್ದರಿಂದ ಕೈಗೆ ಸಿಗುವವರಿಂದ ಕೆಲಸ ಆರಂಭವಾಗಬೇಕು. ಮೊದಲನೆಯದಾಗಿ, ಭಾರತದಲ್ಲಿ ಕಚೇರಿ ಇಟ್ಟುಕೊಂಡಿರುವ ಮಾರಾಟ ತಾಣಗಳು ಮತ್ತು ಅಂಗಡಿಗಳು. 'ಸೆಲ್ಲರ್ ವಾರಂಟಿ' ಎಂಬ ಎರಡು ಪದಗಳನ್ನು ಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿಸಿ ಕೈತೊಳೆದುಕೊಳ್ಳುವುದಕ್ಕೆ ಅವಕಾಶವಿರಬಾರದು. ಈ ವಸ್ತುವಿಗೆ ಭಾರತದಲ್ಲಿ ಕಂಪನಿಯ ವಾರಂಟಿ ಇಲ್ಲ ಎಂಬ ವಾಕ್ಯ ಬೆಲೆಯ ಪಕ್ಕದಲ್ಲಿಯೇ, ಬೆಲೆಯಷ್ಟೇ ದೊಡ್ಡ ಅಕ್ಷರದಲ್ಲಿ, ಗ್ರಾಹಕನ ಭಾಷೆಯಲ್ಲಿ ಇರಬೇಕು. ರಿಪೇರಿ ಮಾಡಿಕೊಡುವವರ ವಿಳಾಸ ಬಿಲ್ಲಿನಲ್ಲಿರಬೇಕು. ಆ ಮಾರಾಟಗಾರ ನಾಪತ್ತೆಯಾದರೆ, ಅವನಿಂದ ಕಮಿಷನ್ ಪಡೆದ ತಾಣವೇ ಆ ಹೊಣೆಯನ್ನು ಹೊರಬೇಕು. ಲಾಭದಲ್ಲಿ ಪಾಲು ಪಡೆದವರು ಮಾತಿನಲ್ಲಿಯೂ ಪಾಲುದಾರರಾಗುವುದು ನ್ಯಾಯ.

ಎರಡನೆಯದಾಗಿ, ತಯಾರಿಕಾ ಕಂಪನಿಗಳು. ಬೇರೆ ದಾರಿಯಲ್ಲಿ ಬಂದ ಕ್ಯಾಮೆರಾಗೆ ಉಚಿತ ರಿಪೇರಿ ಕೊಡುವುದಿಲ್ಲ ಎಂದರೆ ಅದು ಒಪ್ಪತಕ್ಕ ಮಾತು. ಇಲ್ಲಿ ಪೂರ್ಣ ಬೆಲೆ ಕೊಟ್ಟವರ ಹಣದಿಂದ ನಡೆಯುವ ಸೇವೆಯನ್ನು ಕೊಡದವನು ಉಚಿತವಾಗಿ ಕೇಳುವುದು ಸರಿಯಲ್ಲ. ಆದರೆ ಪೂರ್ತಿ ಹಣ ಕೊಡುತ್ತೇನೆ ಎಂದರೂ ಮುಟ್ಟುವುದಿಲ್ಲ ಎನ್ನುವುದಕ್ಕೆ ಯಾವ ಸಮರ್ಥನೆಯಿದೆ? ಅಲ್ಲಿ ಕಂಪನಿಗೆ ನಷ್ಟವಿಲ್ಲ. ದಾರಿ ತಪ್ಪಿದವನಿಗೆ ಪಾಠ ಕಲಿಸುವ ಉದ್ದೇಶ ಮಾತ್ರ ಇದೆ. ಶಿಕ್ಷೆ ವಿಧಿಸುವ ಅಧಿಕಾರ ಸೇವಾ ಕೇಂದ್ರದ ಕೌಂಟರಿಗೆ ಇರಬಾರದು. ಅಮೆರಿಕದಲ್ಲಿ ನಿಕಾನ್ ಕಂಪನಿ 2012ರಲ್ಲಿ ಸ್ವತಂತ್ರ ರಿಪೇರಿಗಾರರಿಗೆ ಬಿಡಿಭಾಗ ಮಾರುವುದನ್ನು ನಿಲ್ಲಿಸಿತು. 2020ರಲ್ಲಿ ಹೊರಗಿನ ಅಧಿಕೃತ ರಿಪೇರಿಗಾರರ ವ್ಯವಸ್ಥೆಯನ್ನೂ ಕೊನೆಗೊಳಿಸಿತು. ಹೀಗೆ ಬಾಗಿಲುಗಳು ಒಂದೊಂದಾಗಿ ಮುಚ್ಚಿದರೆ, ಗ್ರೇ ಮಾರ್ಕೆಟ್ಟಿನಲ್ಲಿ ಕೊಂಡವನಿಗೆ ಮಾತ್ರವಲ್ಲ, ಪೂರ್ಣ ಬೆಲೆ ಕೊಟ್ಟು ಕೊಂಡು ವಾರಂಟಿಯ ಅವಧಿ ಮುಗಿಸಿದವನಿಗೂ ತೊಂದರೆಯೇ.

ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ 'ರಿಪೇರಿಯ ಹಕ್ಕು' ಕುರಿತು ಸಮಿತಿ ರಚಿಸಿ, ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತುಗಳು ಮತ್ತು ವಾಹನಗಳನ್ನು ಮೊದಲ ಹಂತಕ್ಕೆ ಆರಿಸಿಕೊಂಡಿತು. ರೈತನಿಗೆ ಟ್ರ್ಯಾಕ್ಟರ್ ಹೇಗೋ ಊರಿನ ಛಾಯಾಗ್ರಾಹಕನಿಗೆ ಕ್ಯಾಮೆರಾ ಹಾಗೆ. ಅದನ್ನೂ ಆ ಪಟ್ಟಿಗೆ ಸೇರಿಸಬೇಕು. ಅಸಲಿ ವಸ್ತು ಯಾವ ದಾರಿಯಲ್ಲಿ ಬಂದಿದ್ದರೂ ಹಣ ಪಡೆದು ರಿಪೇರಿ ಮಾಡಿಕೊಡುವುದು ಕಂಪನಿಯ ಕರ್ತವ್ಯವೆಂದು, ಸ್ವತಂತ್ರ ರಿಪೇರಿಗಾರರಿಗೆ ಬಿಡಿಭಾಗ ಸಿಗಬೇಕೆಂದು ನಿಯಮವಾಗಬೇಕು. ನಮ್ಮ ಕ್ಯಾಮೆರಾವನ್ನು ಉಳಿಸಿದ ಆ ರಿಪೇರಿಗಾರ ಹತ್ತು ಅಡಿಯ ಕೋಣೆಯಲ್ಲಿ ಕುಳಿತು, ಹಳೆಯ ಕ್ಯಾಮೆರಾಗಳನ್ನು ಒಡೆದು ಬಿಡಿಭಾಗ ಹೊಂದಿಸುತ್ತಾನೆ. ಅವನ ಕೈಗುಣಕ್ಕೆ ಕಡಿಮೆಯೇನೂ ಇಲ್ಲ. ಬಿಡಿಭಾಗ ಕೊಳ್ಳಲು ಅವನಿಗೆ ಒಂದು ನೇರ ಬಾಗಿಲು ಇಲ್ಲ, ಅಷ್ಟೇ. ಕೌಂಟರಿನಲ್ಲಿ ಕ್ರಮಸಂಖ್ಯೆ ನೋಡಿ ಯಾವ ದೇಶದ ವಸ್ತುವೆಂದು ಹೇಳಬಲ್ಲ ಕಂಪನಿ ಅದೇ ಮಾಹಿತಿಯನ್ನು ಕೊಳ್ಳುವ ಮುನ್ನವೇ ಗ್ರಾಹಕನಿಗೆ ತಿಳಿಸುವ ಏರ್ಪಾಡನ್ನೂ ಮಾಡಬಹುದು. ಮಾಹಿತಿ ಅವರ ಬಳಿ ಇದೆ. ನಿರಾಕರಿಸಲು ಮಾತ್ರ ಅದು ಬಳಕೆಯಾಗುತ್ತಿದೆ.

ಮೂರನೆಯದಾಗಿ, ಕೊಳ್ಳುವವರು. ಬೆಲೆ ಕೇಳಿದ ಮೇಲೆ ಎರಡನೆಯ ಪ್ರಶ್ನೆ ಕೇಳುವ ಅಭ್ಯಾಸ ನಮಗೆ ಬರಬೇಕು: ಕೆಟ್ಟರೆ ಯಾವ ಊರಿನಲ್ಲಿ, ಯಾರು, ಎಷ್ಟು ದಿನದಲ್ಲಿ ಸರಿಮಾಡುತ್ತಾರೆ? ಜಿಎಸ್‌ಟಿ ಬಿಲ್ಲು ಕೇಳಬೇಕು. ಡಬ್ಬಿ, ಕ್ಯಾಮೆರಾ, ಬಿಲ್ಲು, ವಾರಂಟಿ ಚೀಟಿ, ಈ ನಾಲ್ಕರಲ್ಲಿಯೂ ಒಂದೇ ಕ್ರಮಸಂಖ್ಯೆ ಇದೆಯೇ ಎಂದು ನೋಡಬೇಕು. ಡಬ್ಬಿಯ ಮೇಲೆ ಆಮದುದಾರನ ವಿಳಾಸ ಮತ್ತು ಗರಿಷ್ಠ ಬೆಲೆಯ ಚೀಟಿ ಇಲ್ಲದಿದ್ದರೆ ಕಾರಣ ಕೇಳಬೇಕು. ವಿದೇಶದಿಂದಲೇ ಕೊಂಡದ್ದಾದರೆ ಘೋಷಣೆ ಸರಿಯಾಗಿರಬೇಕು, ತೆರಿಗೆ ಕಟ್ಟಿದ ರಸೀತಿ ಕೈಯಲ್ಲಿರಬೇಕು. ರಿಪೇರಿಗೆಂದು ಹೊರದೇಶಕ್ಕೆ ಕಳುಹಿಸುವಾಗ ಕ್ರಮಸಂಖ್ಯೆಯನ್ನು ಕಸ್ಟಮ್ಸ್‌ನಲ್ಲಿ ದಾಖಲಿಸಿದರೆ, ಮರಳಿ ಬಂದಾಗ ರಿಪೇರಿಯ ವೆಚ್ಚ, ಸಾಗಣೆ ಮತ್ತು ವಿಮೆಯ ಮೇಲಷ್ಟೇ ಸುಂಕ ಕಟ್ಟುವ ಅವಕಾಶ 2017ರ ಅಧಿಸೂಚನೆಯಲ್ಲಿದೆ. ದಾಖಲಿಸದೆ ಕಳುಹಿಸಿದವನು ತನ್ನದೇ ಕ್ಯಾಮೆರಾವನ್ನು ಹೊಸದಾಗಿ ಆಮದು ಮಾಡಿಕೊಂಡಂತೆ ಸುಂಕ ತೆರಬೇಕಾದೀತು. ಇಲ್ಲಿಯ ಮಾರಾಟಗಾರ ಮೋಸ ಮಾಡಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ.

ಇಷ್ಟೆಲ್ಲ ಜಾಗ್ರತೆಯನ್ನು ಗ್ರಾಹಕನ ಮೇಲೆಯೇ ಹೊರಿಸುವುದು ನನ್ನ ಉದ್ದೇಶವಲ್ಲ. ಒಬ್ಬ ಛಾಯಾಗ್ರಾಹಕ ಚಿತ್ರ ತೆಗೆಯುವುದನ್ನು ಕಲಿಯಬೇಕೇ ಹೊರತು ಕಸ್ಟಮ್ಸ್ ಅಧಿಸೂಚನೆಗಳನ್ನಲ್ಲ. ಮಾರುವವನು ತನಗೆ ಗೊತ್ತಿರುವ ಸತ್ಯವನ್ನು ಮಾರುವ ಮುನ್ನವೇ ಹೇಳಿದರೆ ಈ ಪಟ್ಟಿಯಲ್ಲಿ ಅರ್ಧದಷ್ಟು ಬೇಕಾಗುವುದಿಲ್ಲ. ಆಮೇಲೂ ಯಾರಾದರೂ ವಾರಂಟಿ ಬೇಡ, ಅಗ್ಗವೇ ಸಾಕು ಎಂದು ಆರಿಸಿಕೊಂಡರೆ ಅದು ಅವರ ಸ್ವಾತಂತ್ರ್ಯ. ತಿಳಿದು ಬಿಟ್ಟುಕೊಟ್ಟದ್ದಕ್ಕೂ ತಿಳಿಯದೆ ಕಳೆದುಕೊಂಡದ್ದಕ್ಕೂ ವ್ಯತ್ಯಾಸವಿದೆ; ಕಾನೂನು ಕಾಯಬೇಕಾದದ್ದು ಈ ವ್ಯತ್ಯಾಸವನ್ನು.

ಕಳೆದ ತಿಂಗಳು ನನ್ನ ಸೋದರಳಿಯ ಇನ್ನೊಂದು ಲೆನ್ಸ್ ಕೊಂಡ. ಈ ಬಾರಿ ನನ್ನನ್ನು ಕೇಳಲಿಲ್ಲ. ಕೊಂಡ ಮೇಲೆ ಫೋನ್ ಮಾಡಿ, 'ಮಾವ, ಬಿಲ್ಲು ಇದೆ, ನಂಬರು ತಾಳೆ ನೋಡಿದ್ದೀನಿ, ರಿಪೇರಿ ಬೆಂಗಳೂರಿನಲ್ಲೇ' ಎಂದ. ಎಷ್ಟಾಯಿತು ಎಂದು ಕೇಳಿದೆ. 'ಸ್ವಲ್ಪ ಜಾಸ್ತಿ ಆಯಿತು' ಎಂದ. ಆ ಜಾಸ್ತಿ ಏತಕ್ಕೆಂದು ಅವನಿಗೆ ಈಗ ನನಗಿಂತ ಚೆನ್ನಾಗಿ ಗೊತ್ತಿದೆ.